ಹಿಡಿತಕ್ಕೆ ಸಿಕ್ಕವನ ಪಾಳಿ

ಮೊದಲ ಸಲ ಆ ಮನೆಗೆ ಹೋದ ದಿನ, ನಾವು ಒಳಗೆ ಕಾಲಿಟ್ಟ ಕೂಡಲೇ ಅವರು ಬಾಗಿಲು ಹಾಕಿ, ಒಳಗಿನಿಂದ ಬೀಗ ಜಡಿದು, ಬೀಗದಕೈಯನ್ನು ಕೊರಳಿನ ದಾರಕ್ಕೆ ಸಿಕ್ಕಿಸಿ ಬನಿಯನ್ನಿನೊಳಗೆ ಇಳಿಬಿಟ್ಟರು. ದಿಲ್‌ಸುಖ್‌ನಗರದ ಹಾಸ್ಟೆಲುಗಳ ಸಾಲಿನ ಹಿಂದೆ ಒಂದು ಹಳೆಯ ಕಟ್ಟಡ. ಮೂರನೆಯ ಮಹಡಿ. ಬಾಲ್ಕನಿಗೆ ಮೇಲಿನಿಂದ ಕೆಳತನಕ ಕಬ್ಬಿಣದ ಜಾಲರಿ. ಒಳಗೆ ಮೂವರು ಗಂಡಸರು. ಅವರಲ್ಲಿ ನನಗೆ ಗೊತ್ತಿದ್ದವನು ಸಾಯಿಕಿರಣ್ ಒಬ್ಬನೇ.

ನನ್ನ ಮುಖ ನೋಡಿ ಬೀಗ ಹಾಕಿದವರಿಗೆ ಅರ್ಥವಾಗಿರಬೇಕು. "ಅಂಜಬ್ಯಾಡವ್ವಾ, ಈ ಬೀಗ ನಿನಗ ಹಾಕಿದ್ದಲ್ಲ" ಎಂದರು.

ಅಷ್ಟರಲ್ಲಿ ಒಳಕೋಣೆಯಿಂದ ಮುದಿ ದನಿಯೊಂದು ಕೇಳಿತು. "ಯಾರು ಬಂದಾರೋ ತಮ್ಮಾ? ಲಗ್ನದವರೇನು?"

"ಹೌದವ್ವಾ, ಲಗ್ನದವರ. ಚಾ ಇಡಾಕತ್ತೀನಿ."

ಅವರ ತಾಯಿ ತೀರಿಕೊಂಡ ಮರುವರ್ಷವೇ ಅವರೂ ಹೋದರು. ಸುದ್ದಿಯನ್ನು ಆ ಮೂವರಲ್ಲೊಬ್ಬನಾದ ಇಮ್ರಾನ್ ಫೋನಿನಲ್ಲಿ ಹೇಳಿದಾಗ ನಾನು ಮೈಸೂರಿಗೆ ವಾಪಸು ಬಂದಾಗಿತ್ತು. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಅದು ಅವರದೆಂದು ನನಗೇ ಅನ್ನಿಸುವುದಿಲ್ಲ. ಇಮ್ರಾನನಿಗೆ ಅವರು ಭಾಯಿ. ನಾನೂ ಸಾಯಿಕಿರಣನೂ ಅಣ್ಣ ಎನ್ನುತ್ತಿದ್ದೆವು. ತೆಲುಗಿನವನಿಗೂ ಕನ್ನಡದವಳಿಗೂ ಆ ಒಂದು ಮಾತು ಸಾಕಾಗುತ್ತಿತ್ತು. ತಾಯಿಯ ಬಾಯಲ್ಲಿ ಅವರು ತಮ್ಮ; ಆ ಕಡೆ ಮಗನನ್ನೂ ಹಾಗೆ ಕರೆಯುತ್ತಾರೆ. ಬೇರೆ ಯಾರಾದರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕರೆಯುವುದಕ್ಕೆ ಆ ಮನೆಗೆ ಬರುತ್ತಿದ್ದವರೂ ನಾವು ಮೂವರೇ.

ನಾನಾಗ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಸಾಯಿಕಿರಣ್ ಪಕ್ಕದ ಮೇಜಿನವನು. ಕಂಪನಿ ಬಸ್ಸಿನಲ್ಲಿ ಅವನು ಪ್ರತಿ ಸೋಮವಾರ ತಾನು ಭಾನುವಾರ ಕೊಂದ ರಾಕ್ಷಸರ ಕಥೆ ಹೇಳುತ್ತಿದ್ದ. ಮೊದಮೊದಲು ಕಂಪ್ಯೂಟರ್ ಆಟ ಅಂದುಕೊಂಡಿದ್ದೆ. ಅಲ್ಲ, ಮೇಜಿನ ಸುತ್ತ ಕುಳಿತು ಬಾಯಲ್ಲೇ ಆಡುವ ಆಟ ಎಂದ. ಒಬ್ಬರು ಕಥೆ ನಡೆಸುತ್ತಾರೆ. ಮಿಕ್ಕವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಓಡಾಡುತ್ತಾರೆ. ಗೋಡೆ ಹಾರಿದರೆ ದಾಟುತ್ತೀಯೋ ಬೀಳುತ್ತೀಯೋ, ಕತ್ತಿ ಬೀಸಿದರೆ ತಗಲುತ್ತದೋ ಇಲ್ಲವೋ, ಅದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದಾಳಕ್ಕೂ ಮೇಲೆ ಒಂದು ದಪ್ಪ ನಿಯಮದ ಪುಸ್ತಕ. "ಆ ಪುಸ್ತಕಕ್ಕೂ ಮೇಲೆ ನಮ್ಮ ಅಣ್ಣ" ಎಂದು ಸಾಯಿಕಿರಣ್ ನಕ್ಕಿದ್ದ. ಮಿಯಾಪುರದ ರೂಮಿನಲ್ಲಿ ಭಾನುವಾರವೆಲ್ಲ ಬಟ್ಟೆ ಒಗೆದು, ಗೋಡೆ ನೋಡುತ್ತ ಬೇಸತ್ತಿದ್ದ ನಾನು ಮೆಟ್ರೋ ಹತ್ತಿ ಅವನ ಜೊತೆ ಹೋದೆ.

ಅವರಿಗಾಗ ನಲವತ್ತು ದಾಟಿತ್ತು. ಕಟ್ಟುಮಸ್ತಾದ ಆಳು, ಆದರೆ ಬಣ್ಣ ಬಿಳಿಚಿಕೊಂಡಿತ್ತು. ಬಿಸಿಲು ಕಾಣದ ಮೈ. ಮೊದಲು ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತಿದ್ದರಂತೆ. ರಾಯಚೂರಿನಿಂದ ತಾಯಿಯನ್ನು ಕರೆತಂದು ಇಟ್ಟುಕೊಂಡ ಮೇಲೆ ಆಕೆಗೆ ಮರೆವಿನ ಕಾಯಿಲೆ ಶುರುವಾಯಿತು. ಒಂದು ದಿನ ಇವರು ಪಾಠಕ್ಕೆ ಹೋದಾಗ ಆಕೆ ಬಾಗಿಲು ತೆಗೆದುಕೊಂಡು ಹೊರಟುಹೋದರು. ಸಂಜೆಯ ಹೊತ್ತಿಗೆ ಸರೂರ್‌ನಗರದ ಕಡೆ ಯಾರದೋ ಮನೆಯ ಜಗುಲಿಯಲ್ಲಿ ಸಿಕ್ಕರು. ಆ ಮನೆಯ ಹೆಂಗಸರ ನಡುವೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರಂತೆ. ಮರುದಿನವೇ ಬಾಗಿಲಿಗೆ ಬೀಗ ಬಂತು, ಬಾಲ್ಕನಿಗೆ ಜಾಲರಿ ಬಂತು, ಅಣ್ಣನ ಕೆಲಸ ಹೋಯಿತು. ಆಮೇಲೆ ಮನೆಯಲ್ಲೇ ಕುಳಿತು ಪರೀಕ್ಷೆಯ ಲೆಕ್ಕಗಳಿಗೆ ಉತ್ತರ ವಿವರಿಸಿ ಬರೆದುಕೊಡುವ ಕೆಲಸ ಹಿಡಿದರು. ತರಕಾರಿಗೆಂದು ಕೆಳಗಿಳಿದರೂ ಪಕ್ಕದ ಮನೆಯಾಕೆಯನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ, ಓಡುತ್ತ ಹೋಗಿ ಓಡುತ್ತ ಬರುತ್ತಿದ್ದರು.

ಹೀಗಾಗಿ ಆಟ ಆಡಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು. ಹೋದ ಮೇಲೆ ಆಟ ಮುಗಿಯುವ ತನಕ ನಾವೂ ಬೀಗದೊಳಗೆ.

ಆ ಮೊದಲ ದಿನ ನನಗೆ ಭರ್ಜಿ ಹಿಡಿದ ಹೆಂಗಸಿನ ಪಾತ್ರ ಕೊಟ್ಟರು. ಆಟ ಶುರುವಾಗಿ ಅರ್ಧ ಗಂಟೆ ಆಗಿರಲಿಲ್ಲ, ಜೌಗಿನೊಳಗಿಂದ ದೊಡ್ಡ ಉಡದಂಥ ಪ್ರಾಣಿಯೊಂದು ಎದ್ದು ನನ್ನನ್ನು ಹಿಡಿದುಕೊಂಡಿತು. ಕಾಳಗದಲ್ಲಿ ಎಲ್ಲರೂ ಸರತಿಯ ಪ್ರಕಾರವೇ ಆಡಬೇಕು. ಅಣ್ಣ ಅದನ್ನು ಪಾಳಿ ಎನ್ನುತ್ತಿದ್ದರು. ನನ್ನ ಪಾಳಿ ಬಂತು.

"ನಾನೇನು ಮಾಡೋದು, ಹಿಡಿದುಬಿಟ್ಟಿದೆಯಲ್ಲ. ಬಿಟ್ಟುಬಿಡಿ, ಮುಂದಿನವರು ಆಡಲಿ" ಎಂದೆ.

"ಅಂದ್ರ?"

"ನನ್ನ ಕೈಲಿ ಏನೂ ಆಗಲ್ಲ ಅಂತ."

ಅವರು ದಾಳ ಕೆಳಗಿಟ್ಟು, ಪುಸ್ತಕ ತೆಗೆದು, ಪುಟ ಹುಡುಕಿ, ಕನ್ನಡಕ ಹಣೆಗೇರಿಸಿ, ಇಂಗ್ಲಿಷಿನ ಒಂದು ಸಾಲನ್ನು ಓದಿದರು. ಮತ್ತೆ ಓದಿದರು. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು.

"ಹಿಡಿತಕ್ಕ ಸಿಕ್ಕಾಂವಾ ಇದ್ದ ಜಾಗಾ ಬಿಟ್ಟು ಹೋಗಂಗಿಲ್ಲ. ಇಷ್ಟ ಬರದಾರ. ಹೊಡೀಬ್ಯಾಡ ಅಂತ ಎಲ್ಲಿ ಬರದಾರ? ಒದರಬ್ಯಾಡ ಅಂತ ಎಲ್ಲಿ ಬರದಾರ? ನಿನ್ನ ಕಾಲಷ್ಟ ಹೋಗ್ಯಾವ ಮೈಸೂರಮ್ಮ, ಕೈ ಅದಾವಲ್ಲ. ಇಲ್ಲದ್ದನ್ನ ಓದಬ್ಯಾಡ."

ಅಂದಿನಿಂದ ನನ್ನ ಹೆಸರು ಮೈಸೂರಮ್ಮ ಎಂದಾಯಿತು. "ಇಲ್ಲದ್ದನ್ನ ಓದಬ್ಯಾಡ" ಎನ್ನುವುದು ಅವರು ದಿನಕ್ಕೆ ಹತ್ತು ಸಲ ಆಡುವ ಮಾತೆಂದೂ ಬೇಗ ಗೊತ್ತಾಯಿತು. ನಿಯಮ ಓದುವಾಗ ಮನುಷ್ಯರು ಎರಡು ತಪ್ಪು ಮಾಡುತ್ತಾರೆ ಎನ್ನುತ್ತಿದ್ದರು. ಹೆದರಿದವನು ಅಲ್ಲಿಲ್ಲದ ಅಡ್ಡಿಯನ್ನು ಓದಿಕೊಳ್ಳುತ್ತಾನೆ. ಆಸೆಬುರುಕ ಅಲ್ಲಿಲ್ಲದ ದಾರಿಯನ್ನು ಓದಿಕೊಳ್ಳುತ್ತಾನೆ. ನಾನು ಮೊದಲನೆಯ ಜಾತಿ. ಎರಡನೆಯ ಜಾತಿ ಇಮ್ರಾನ್.

ಇಮ್ರಾನ್ ಮಲಕ್‌ಪೇಟೆಯವನು, ಒಂದು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಅವನ ಪಾತ್ರ ಮೈತುಂಬ ಕಬ್ಬಿಣ ತೊಟ್ಟ ಸೈನಿಕ. ಆ ಆಟದಲ್ಲಿ ಒಂದು ನಿಯಮವಿತ್ತು. ಶತ್ರುವಿನ ಕೈಗೆಟಕುವಷ್ಟು ಹತ್ತಿರವಿದ್ದವನು ಅಲ್ಲಿಂದ ಎದ್ದು ಓಡಿದರೆ, ಓಡುವವನ ಬೆನ್ನಿಗೆ ಶತ್ರು ಪುಕ್ಕಟೆಯಾಗಿ ಒಂದು ಏಟು ಹಾಕಬಹುದು. ಒಂದು ಭಾನುವಾರ ಸಾಯಿಕಿರಣನ ಬಿಲ್ಲುಗಾರ ಅಂಥ ಇಕ್ಕಟ್ಟಿಗೆ ಸಿಕ್ಕಿಕೊಂಡ. ಮೈಯಲ್ಲಿ ಜೀವ ಉಳಿದದ್ದೇ ಚೂರು. ಓಡಿದರೆ ಏಟು, ನಿಂತರೆ ಸಾವು.

"ಭಾಯಿ, ಮೈ ಇಸ್ಕೋ ಢಕೇಲ್ ದೇತಾಂವ್" ಎಂದ ಇಮ್ರಾನ್. ನಾನೇ ಅವನನ್ನು ದೂಡಿಬಿಡುತ್ತೇನೆ. ಅವನಾಗಿ ಓಡಲಿಲ್ಲವಲ್ಲ, ಹಾಗಾಗಿ ಏಟು ಬೀಳಬಾರದು ಎಂಬುದು ಅವನ ವಾದ.

ಸಾಯಿಕಿರಣನೇ ಅದನ್ನು ಒಪ್ಪಲಿಲ್ಲ. "ಅದು ಮೋಸ. ಸ್ನೇಹಿತ ದೂಡೋದು, ನಾನು ಬೇಕಂತಲೇ ದೂಡಿಸ್ಕೊಳ್ಳೋದು, ಎರಡೂ ಓಡಿಹೋದಂಗೇ ಅಲ್ವಾ?"

ಅಣ್ಣ ಪುಸ್ತಕ ತೆಗೆದರು. ಅವತ್ತು ಮಧ್ಯಾಹ್ನವೆಲ್ಲ ಅದೇ ಆಯಿತು. ಬೇರೆ ಕಡೆ ಕಥೆ ನಡೆಸುವವರು ಇಂಥ ಹೊತ್ತಿನಲ್ಲಿ ಏನೋ ಒಂದು ಹೇಳಿ ಆಟ ಮುಂದಕ್ಕೆ ತಳ್ಳುತ್ತಾರಂತೆ. ಇವರು ಹಾಗಲ್ಲ. ಪುಟ ತಿರುವುತ್ತಲೇ ಇರುತ್ತಿದ್ದರು. ಚಹಾ ಆರುತ್ತಿತ್ತು. ಕೆಳಗೆ ಬಸ್ಸುಗಳ ಹಾರ್ನ್, ಹಾಸ್ಟೆಲಿನ ಹುಡುಗಿಯರ ನಗು. ನಾವು ಜಾಲರಿಯ ಕಡೆ ನೋಡುತ್ತ ಕೂತಿರುತ್ತಿದ್ದೆವು. ನನಗೆ ಒಮ್ಮೊಮ್ಮೆ ಉಸಿರು ಕಟ್ಟುತ್ತಿತ್ತು. ಎದ್ದು ಹೋಗೋಣ ಎಂದರೆ ಬೀಗ, ಬೀಗ ತೆಗೆಸೋಣ ಎಂದರೆ ಒಳಕೋಣೆಯಲ್ಲಿ ಅವ್ವ ಆ ಸದ್ದಿಗೇ ಎದ್ದು ಬರುತ್ತಾರೆ.

ಕೊನೆಗೆ ಅಣ್ಣ ತೀರ್ಪು ಕೊಟ್ಟರು. "ತನ್ನ ಕಾಲಿಲೆ ಹೋದಾಂವಗ ಏಟು ಅಂತ ಐತಿ. ಮಂದಿ ದೂಡಿದ್ರ ಏಟಿಲ್ಲ. ದೂಡಿದಾಂವ ಗೆಳೆಯಾನೋ ವೈರಿನೋ ಅಂತ ಪುಸ್ತಕ ಕೇಳಂಗಿಲ್ಲ. ಆದರ ಇಮ್ರಾನ್, ನಿನ್ನ ಪಾಳಿ ಅಲ್ಲಿಗೆ ತೀರಿತು. ಮುಂದ ಆ ವೈರಿ ಎದುರಿಗೆ ನೀನಾ ನಿಂದ್ರಬೇಕು, ಕೈಕಟ್ಟಿಕೊಂಡು."

ಇಮ್ರಾನ್ ನಿಂತ, ಏಟು ತಿಂದ. ಅದೊಂದು ಆಟದ ಸಂಗತಿ ಎನ್ನುವುದನ್ನೇ ಮರೆತು ನಾವು ಮೂವರೂ ಕೂಗಾಡಿದೆವು.

ಇಷ್ಟು ಹಟದ ಮನುಷ್ಯ ಒಬ್ಬರ ವಿಷಯಕ್ಕೆ ಮಾತ್ರ ಪುಸ್ತಕ ತೆಗೆಯುತ್ತಿರಲಿಲ್ಲ. ಅವ್ವನಿಗೂ ಆ ಮೇಜಿನಲ್ಲಿ ಒಂದು ಕುರ್ಚಿ ಇತ್ತು, ಒಂದು ದಾಳವೂ ಇತ್ತು. ಎಚ್ಚರವಿದ್ದರೆ ಬಂದು ಕೂರುತ್ತಿದ್ದರು. ಕಾಳಗ ಎಷ್ಟೇ ಬಿಸಿಯಾಗಿರಲಿ, ಸರತಿ ಬಂದಾಗ ಅಣ್ಣ ಕತ್ತು ಬಾಗಿಸಿ ಕೇಳುತ್ತಿದ್ದರು. "ಅವ್ವಾ, ನಿನ್ನ ಪಾಳಿ. ಏನು ಮಾಡ್ತಿ?"

"ನಾ ರೊಟ್ಟಿ ಬಡೀತೀನಿ" ಎನ್ನುತ್ತಿದ್ದರು ಅವ್ವ. ಇನ್ನೊಮ್ಮೆ "ನನಗ ನಿದ್ದಿ ಬಂದೈತಿ". ಇನ್ನೊಮ್ಮೆ ನನ್ನ ಕಡೆ ಬೆರಳು ತೋರಿಸಿ, "ಈಕಿ ತಲಿ ಹಿಕ್ಕತೀನಿ, ಹೆಂಗ ಕೆದರಿಕೊಂಡು ಕುಂತಾಳ ನೋಡು".

ಅಣ್ಣ ನಗುತ್ತಿರಲಿಲ್ಲ. ಅವ್ವ ದಾಳ ಉರುಳಿಸುವ ತನಕ ಕಾಯುತ್ತಿದ್ದರು. "ಹದಿನಾಕು ಬಿತ್ತು. ಅವ್ವ ರೊಟ್ಟಿ ಬಡದಾಳ. ಆ ವಾಸನಿಗೆ ರಾಕ್ಷಸ ಒಂದು ಕ್ಷಣ ಈ ಕಡೆ ತಿರುಗ್ಯಾನ. ಮೈಸೂರಮ್ಮ, ಈಗ ಹೊಡಿ." ಎಷ್ಟೋ ಸಲ ನಮ್ಮ ಜೀವ ಉಳಿದದ್ದು ಆ ರೊಟ್ಟಿಯಿಂದ.

"ಇದು ಯಾವ ಪುಟದಲ್ಲಿದೆ ಅಣ್ಣಾ?" ಎಂದು ಒಮ್ಮೆ ಕೆಣಕಿದೆ.

"ಆಕಿ ಪುಸ್ತಕಕ್ಕಿಂತ ಹಿರೀಕಿ" ಎಂದರು.

ಅವರ ಗಟ್ಟಿತನ ನನಗೆ ಯಾವಾಗಲೂ ಇಷ್ಟವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಸಾಯಿಕಿರಣನ ಬಿಲ್ಲುಗಾರ ಸತ್ತ ದಿನ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆ ಪಾತ್ರವನ್ನು ಅವನು ವರ್ಷಗಟ್ಟಲೆ ಆಡಿದ್ದ. ಅದಕ್ಕೊಂದು ಊರಿತ್ತು, ಕಾಯುತ್ತಿದ್ದ ಹೆಂಡತಿ ಇದ್ದಳು. ತೋಳಗಳ ಜೊತೆ ಕಾದಾಡುವಾಗ ಬಿಲ್ಲುಗಾರ ಪ್ರಜ್ಞೆ ತಪ್ಪಿ ಬಿದ್ದ. ಬಿದ್ದವನು ತನ್ನ ಪಾಳಿ ಬಂದಾಗಲೆಲ್ಲ ದಾಳ ಉರುಳಿಸಬೇಕು. ಮೂರು ಸಲ ಕೈಕೊಟ್ಟರೆ ಸಾವು. ಸಾಯಿಕಿರಣನಿಗೆ ಒಂದು ಸಲ ಕೈಕೊಟ್ಟಿತ್ತು. ಅಷ್ಟರಲ್ಲಿ ತೋಳಗಳ ಪಾಳಿ ಬಂತು. ಅಣ್ಣ ಸ್ವಲ್ಪ ಹೊತ್ತು ಮೇಜು ನೋಡಿದರು. "ಒಂದು ತೋಳ ಬಿದ್ದಾಂವನ್ನ ಕಚ್ಚತೈತಿ" ಎಂದರು. ಬಿದ್ದವನಿಗೆ ತಗಲಿದ ಏಟು ಎರಡು ಸಲ ಕೈಕೊಟ್ಟಂತೆ ಎಂದು ನಿಯಮ. ಒಂದು, ಎರಡು, ಮೂರು. ಮುಗಿಯಿತು.

ಸಾಯಿಕಿರಣ್ ಕೆಂಪಾದ. "ಎದುರಿಗೆ ಇಮ್ರಾನ್ ಕತ್ತಿ ಹಿಡಿದು ನಿಂತಿದ್ದಾನೆ. ಅದನ್ನು ಬಿಟ್ಟು ಬಿದ್ದವನ ಹತ್ತಿರ ತೋಳ ಯಾಕೆ ಬರುತ್ತೆ?"

"ನಿಯಮ ಏನೈತಂದ್ರ..."

"ನಿಯಮ ಬೇಡ ಅಣ್ಣಾ. ಕಚ್ಚಿದರೆ ಏನಾಗುತ್ತೆ ಅಂತ ಹೇಳುತ್ತೆ ನಿಯಮ. ಕಚ್ಚಬೇಕು ಅಂತ ಎಲ್ಲಿ ಹೇಳುತ್ತೆ? ಅವನನ್ನ ಪುಸ್ತಕ ಕೊಲ್ಲಲಿಲ್ಲ. ನೀವು ಕೊಂದ್ರಿ."

ಅವನು ತೆಲುಗಿನಲ್ಲಿ ಆಡಿದ ಮಾತು ಅದು. ಮೇಜಿನ ಸುತ್ತ ಎಲ್ಲರಿಗೂ ನಾಟಿತು. ಅಣ್ಣ ಎದ್ದು ಬೀಗ ತೆಗೆದರು. ಸಾಯಿಕಿರಣ್ ಹೋದವನು ಎಷ್ಟೋ ವಾರ ಬರಲಿಲ್ಲ.

ಆಮೇಲೆ ಒಂದು ದಿನ ಕಂಪನಿ ಬಸ್ಸಿನಲ್ಲಿ ಅವನಿಗೆ ಫೋನ್ ಬಂತು. ತೆಲುಗಿನಲ್ಲಿ ಮಾತಾಡುತ್ತಿದ್ದ ಅಣ್ಣನ ದನಿ ಪಕ್ಕದಲ್ಲಿ ಕೂತಿದ್ದ ನನಗೂ ಕೇಳುತ್ತಿತ್ತು. "ನೀನು ಹೇಳಿದ್ದೇ ನಿಜ ಸಾಯಿ. ಪುಸ್ತಕವೆಲ್ಲ ಓದಿದೆ. ತೋಳ ಕಚ್ಚಲೇಬೇಕು ಅಂತ ಎಲ್ಲೂ ಇಲ್ಲ. ನಾನೇ ಕಚ್ಚಿಸಿದ್ದು."

"ಹಾಗಾದರೆ ಅವನು ಬದುಕಿದಾನಾ ಅಣ್ಣಾ?"

"ಇಲ್ಲ. ಕಚ್ಚಿದ್ದು ಕಚ್ಚಿತು. ಆದರೆ ಕಚ್ಚಿಸಿದವನು ನಾನು ಅಂತ ನಿನಗೆ ಹೇಳಬೇಕಿತ್ತು."

ಸಾಯಿಕಿರಣ್ ಫೋನ್ ಕಿವಿಯಿಂದ ತೆಗೆದು ಅದನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದ. ಮುಂದಿನ ಭಾನುವಾರ ಹೊಸ ಪಾತ್ರ ಬರೆದುಕೊಂಡು ನನ್ನ ಜೊತೆ ಮೆಟ್ರೋ ಹತ್ತಿದ.

ಅಣ್ಣನಿಗೆ ರಾಯಚೂರಿನಲ್ಲಿ ಒಬ್ಬ ತಂಗಿ ಇದ್ದಳು. ಆಗಾಗ ಫೋನ್ ಮಾಡುತ್ತಿದ್ದಳು. "ಅವ್ವನ್ನ ನನ್ನ ಕಡೆ ಬಿಡು, ನೀ ನಿನ್ನ ಬಾಳೇವು ನೋಡಿಕೊ" ಎನ್ನುತ್ತಿದ್ದಳಂತೆ. ಅಣ್ಣ ಒಂದೇ ಉತ್ತರ ಕೊಡುತ್ತಿದ್ದರು. "ಆಕಿ ನಾ ಇಲ್ಲದ ಒಂದು ದಿನ ಇರಂಗಿಲ್ಲ." ಆ ಮಾತನ್ನು ನಾವು ಯಾರೂ ಪ್ರಶ್ನಿಸಲಿಲ್ಲ. ಕಣ್ಣೆದುರಿಗೇ ಇತ್ತಲ್ಲ. ಅಣ್ಣ ಎದ್ದು ಬಚ್ಚಲಿಗೆ ಹೋದರೂ ಅವ್ವ "ತಮ್ಮಾ, ತಮ್ಮಾ" ಎಂದು ಕೂಗುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ. ಫ್ಯಾನಿನ ಗಾಳಿಯೂ ಬಿಸಿ. ಸಾಯಿಕಿರಣ್ ಊರಿಗೆ ಹೋಗಿದ್ದ. ನಾನು, ಇಮ್ರಾನ್, ಅವ್ವ, ಅಣ್ಣ. ಕಾಳಗದ ಮಧ್ಯೆ ಅಣ್ಣ "ಒಂಚೂರು ತಡೀರಿ" ಎಂದರು. ಪುಸ್ತಕ ಹುಡುಕುತ್ತಾರೇನೋ ಅಂದುಕೊಂಡೆ. ಅವರ ಕೈ ದವಡೆಯ ಮೇಲಿತ್ತು. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, ಹಾಗೆಯೇ ಮಗ್ಗುಲಾದರು.

ಇಮ್ರಾನ್ ಆಂಬ್ಯುಲೆನ್ಸಿಗೆ ಫೋನ್ ಮಾಡಿದ. ನಾನು ಅಣ್ಣನ ಬನಿಯನ್ನಿನೊಳಗೆ ಕೈಹಾಕಿ ದಾರ ಹುಡುಕಿದೆ. ದಾರವಿರಲಿಲ್ಲ. ಕೊರಳಲ್ಲಿ ಬೆವರುಸಾಲೆ ಎದ್ದಿತ್ತು. ನವೆಗೆ ತಾಳದೆ ಬೀಗದಕೈಯನ್ನು ಗೋಡೆಯ ಮೊಳೆಗೆ ಹಾಕಿದ್ದರಂತೆ. ಬಾಯಿ ಒಣಗಿದ್ದರೂ ಕೈ ಎತ್ತಿ ತೋರಿಸಿದರು. ಮೊಳೆ ಬರಿದಾಗಿತ್ತು.

ನಾನು ಅವ್ವನ ಕಡೆ ನೋಡಿದೆ. ಅವರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಅದರಲ್ಲಿ ಗಂಟಿತ್ತು.

"ಅವ್ವಾ, ಬೀಗದಕೈ ಕೊಡಿ. ಅಣ್ಣನಿಗೆ ಹುಷಾರಿಲ್ಲ."

"ಯಾರು ನೀನು?" ಎಂದರು ಅವ್ವ. ಆ ನೋಟವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಮ್ರಾನ್ ಹತ್ತಿರ ಹೋಗಿ ಸೆರಗಿಗೆ ಕೈಹಾಕಿದ. ಅವ್ವ "ಕಳ್ಳರು, ಕಳ್ಳರು" ಎಂದು ಕಿರುಚಿ ಅಡುಗೆಮನೆಯ ಮೂಲೆಗೆ ಓಡಿ, ಗೋಡೆಗೆ ಅಂಟಿಕೊಂಡು, ಹಿಟ್ಟಿನ ಡಬ್ಬಿಯನ್ನು ಎತ್ತಿ ಹಿಡಿದರು. ಹೊರಗೆ ಅಕ್ಕಪಕ್ಕದವರು ಸೇರಿ ಬಾಗಿಲು ಬಡಿಯತೊಡಗಿದರು. ಆ ಬಡಿತಕ್ಕೆ ಅವ್ವ ಇನ್ನಷ್ಟು ಹೆದರಿದರು. ಯಾರೋ ಸುತ್ತಿಗೆ ತರಲು ಕೆಳಗೆ ಓಡಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಸೈರನ್ ಕೂಗಿತು. ನಾನು ಬಾಲ್ಕನಿಗೆ ಓಡಿ ಜಾಲರಿಯ ಸಂದಿಯಲ್ಲಿ ಕೈ ಹೊರಹಾಕಿ ಬೀಸಿದೆ. ಕೈಯಷ್ಟೇ ಹೋಗುತ್ತಿತ್ತು. ಕೆಳಗೆ ಬಿಳಿ ವ್ಯಾನು ಕಾಣುತ್ತಿತ್ತು, ಅದರಿಂದ ಇಳಿಯುತ್ತಿದ್ದವರು ಕಾಣುತ್ತಿದ್ದರು.

ಒಳಗೆ ಬಂದೆ. ಅಣ್ಣ ಕಣ್ಣು ತೆರೆದಿದ್ದರು. ತುಟಿ ಅಲ್ಲಾಡುತ್ತಿತ್ತು. ಬಗ್ಗಿದೆ. ಅವರು ನನಗಲ್ಲ ಹೇಳುತ್ತಿದ್ದದ್ದು. ಅಡುಗೆಮನೆಯ ಕಡೆ ಕತ್ತು ಹೊರಳಿಸಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಎಂದಿನ ದನಿಯಲ್ಲೇ ಕೇಳಿದರು.

"ಅವ್ವಾ, ನಿನ್ನ ಪಾಳಿ. ಏನು ಮಾಡ್ತಿ?"

ಅವ್ವ ಡಬ್ಬಿ ಕೆಳಗಿಟ್ಟರು. ಮುಖ ಸಡಿಲವಾಯಿತು. ಒಂದು ಕ್ಷಣ ಯೋಚಿಸಿದರು.

"ನಾ ಹೊರಗ ಹೋಗ್ತೀನಿ" ಎಂದರು.

ಸೆರಗಿನ ಗಂಟು ಬಿಚ್ಚಿದರು. ಮಗನನ್ನು ದಾಟಿ, ನಮ್ಮನ್ನು ದಾಟಿ ಬಾಗಿಲಿಗೆ ಹೋಗಿ, ಒಮ್ಮೆಯೂ ತಡವರಿಸದೆ ಬೀಗ ತೆಗೆದರು. ಅಷ್ಟು ಕಾಲ ಅವರು ಅದನ್ನೇ ನೋಡುತ್ತ ಕೂತಿದ್ದರಲ್ಲ. ಬಾಗಿಲು ತೆರೆಯಿತು. ಸ್ಟ್ರೆಚರ್ ಹಿಡಿದವರು ಒಳಗೆ ನುಗ್ಗಿದರು. ಅವರ ಸಂದಿಯಲ್ಲೇ ಅವ್ವ ಹೊರಗೆ ನುಸುಳಿ ಮೆಟ್ಟಿಲಿಳಿದುಬಿಟ್ಟರು.

"ಆಕಿ ಹಿಂದ ಹೋಗು" ಎಂದರು ಅಣ್ಣ. "ನನ್ನ ಬಿಡು. ಆಕಿ ಹಿಂದ ಹೋಗು."

ಇಮ್ರಾನ್ ಅವರ ಜೊತೆ ಆಸ್ಪತ್ರೆಗೆ ಹೋದ. ನಾನು ಅವ್ವನ ಹಿಂದೆ ಓಡಿದೆ.

ಬೀದಿಯ ತಿರುವಿನಲ್ಲಿ ಸಿಕ್ಕರು. ಕೈ ಹಿಡಿದು ಎಳೆಯಲು ಹೋದರೆ ಮತ್ತೆ ಕಿರುಚಿದರು. ಕೈಬಿಟ್ಟೆ. ಅವರು ಬರಿಗಾಲಲ್ಲಿದ್ದರು, ಡಾಂಬರು ಕಾದಿತ್ತು. ನನ್ನ ಚಪ್ಪಲಿ ಬಿಚ್ಚಿ ಅವರ ಕಾಲೆದುರಿಗಿಟ್ಟೆ. ಹೊಸ ಚಪ್ಪಲಿ ನೋಡುವಂತೆ ನೋಡಿ, ಮೆಟ್ಟಿಕೊಂಡು ಹೊರಟರು. ನಾನು ನೆರಳಿನಿಂದ ನೆರಳಿಗೆ ಹಾರುತ್ತ ಹಿಂದೆ ಹೋದೆ.

ಅವರು ಓಡಿಹೋಗುತ್ತಿರಲಿಲ್ಲ. ಎಲ್ಲಿಗೂ ಹೋಗುತ್ತಿರಲಿಲ್ಲ. ಬರೀ ನಡೆಯುತ್ತಿದ್ದರು. ಬಟ್ಟೆ ಅಂಗಡಿಯ ಬೊಂಬೆಯ ಸೀರೆಯ ಸೆರಗು ಮುಟ್ಟಿ ನೋಡಿದರು. ಹಾಸ್ಟೆಲಿನ ಮೆಟ್ಟಿಲ ಮೇಲೆ ಓದುತ್ತಿದ್ದ ಹುಡುಗಿಗೆ "ಊಟ ಆಯ್ತೇನವ್ವಾ?" ಎಂದರು. ಸೊಪ್ಪಿನ ಗಾಡಿಯ ಹತ್ತಿರ ನಿಂತು ಮೆಂತ್ಯದ ಕಟ್ಟು ಎತ್ತಿ ಮೂಸಿ, ಗಾಡಿಯವನ ಜೊತೆ ಚೊಕ್ಕ ತೆಲುಗಿನಲ್ಲಿ ಚೌಕಾಸಿಗಿಳಿದರು. ಅವರಿಗೆ ತೆಲುಗು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಮನೆಯೊಳಗೆ ಅದನ್ನಾಡುವ ಪ್ರಸಂಗವೇ ಬಂದಿರಲಿಲ್ಲ. ಅಷ್ಟು ಹೊತ್ತೂ ಅವರು ಒಮ್ಮೆಯೂ "ತಮ್ಮಾ" ಎನ್ನಲಿಲ್ಲ. ಸುಸ್ತಾದ ಮೇಲೆ ತಾವೇ ಒಂದು ಆಟೋ ಹತ್ತಿ ಕೂತರು. ನಾನೂ ಹತ್ತಿದೆ.

ಅಣ್ಣ ಬದುಕಿದರು. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ನಾನು ನೋಡಲು ಹೋದಾಗ ಮೊದಲು ಕೇಳಿದ್ದು, "ಎಲ್ಲಿ ಸಿಕ್ಕಳು?"

"ಸಿಗೋಕೆ ಅವರು ಎಲ್ಲೂ ಕಳೆದುಹೋಗಿರಲಿಲ್ಲ ಅಣ್ಣಾ. ಮೆಂತ್ಯ ಸೊಪ್ಪು ಕೊಂಡರು."

ಎಲ್ಲವನ್ನೂ ಹೇಳಿದೆ. ಚಪ್ಪಲಿ, ಹುಡುಗಿ, ತೆಲುಗು. ಅವರು ಕೇಳಿಸಿಕೊಂಡು ಗೋಡೆಯ ಕಡೆ ಮಗ್ಗುಲಾದರು. "ಭಾಳ ಖುಷಿಯಾಗಿದ್ಲೇನು?" ಎಂದು ಆ ಕಡೆಯಿಂದಲೇ ಕೇಳಿದರು. ಹೌದು ಎಂದೆ.

ರಾಯಚೂರಿನಿಂದ ತಂಗಿ ಬಂದಳು. ಒಳ್ಳೆಯ ಹೆಂಗಸು. ಮನೆ, ಜಾಲರಿ, ಬೀಗ ಎಲ್ಲವನ್ನೂ ನೋಡಿ ಕಣ್ಣೊರೆಸಿಕೊಂಡಳು. "ಅಣ್ಣಾ, ನೀ ಸಾಯ್ತಿ. ಆಮ್ಯಾಲ ಆಕಿನ್ನ ಹೆಂಗೂ ನಾನಾ ನೋಡಬೇಕು. ಈಗ ಕೊಡು" ಎಂದಳು. ಡಾಕ್ಟರೂ ಅದನ್ನೇ ಹೇಳಿದರು. ನಾವೂ ಅದನ್ನೇ ಹೇಳಿದೆವು. ಅಣ್ಣ ಒಪ್ಪಿಕೊಂಡರು. ತಾನೇ ಹೋಗಿ ಬಿಟ್ಟು ಬರುತ್ತೇನೆ ಎಂದರು.

ಒಂದು ತಿಂಗಳ ಮೇಲೆ ಕಾಚಿಗೂಡ ಸ್ಟೇಷನ್ನಿನಲ್ಲಿ ರಾಯಚೂರಿನ ಗಾಡಿ ಹತ್ತಿಸಲು ನಾವು ಮೂವರೂ ಹೋಗಿದ್ದೆವು. ಅವ್ವನ ಎರಡು ಚೀಲ, ಅಣ್ಣನದು ಪುಟ್ಟದೊಂದು. ಗಾಡಿ ಹೊರಟಾಗ ಇಮ್ರಾನ್ "ಭಾಯಿ, ವಾಪಸ್ ಬಂದಮೇಲೆ ಹೊರಗೆ ಎಲ್ಲಾದರೂ ಆಡೋಣ. ಪಾರ್ಕ್‌ನಲ್ಲಿ" ಎಂದು ಕೂಗಿದ. ಅಣ್ಣ ಕಿಟಕಿಯಿಂದ ಕೈ ಎತ್ತಿದರು. ನಮಗೆ ಅವರಿ‌ಗಿಂತ ಹೆಚ್ಚು ಹಗುರವಾಗಿತ್ತು.

ಆ ವಾರದ ಕೊನೆಯಲ್ಲಿ ಅಣ್ಣನ ಫೋನ್ ಬಂತು. "ಭಾನುವಾರ ಮನೀಗೇ ಬರ್ರಿ."

ನಾನು ಎಲ್ಲರಿಗಿಂತ ಮೊದಲು ತಲುಪಿದೆ. ಬಾಗಿಲು ತೆಗೆದವರು ಅವ್ವ. ಹಿಂದೆಯೇ ಅಣ್ಣ ನಿಂತಿದ್ದರು. ನನ್ನ ಮುಖ ನೋಡಿ, "ಬಾ, ಕುಂದ್ರು. ಬೈಯೂದಿದ್ರ ಚಾ ಕುಡದು ಬೈ" ಎಂದರು. ಅವ್ವ ಒಳಗೆ ಹೋಗಿ ಮಲಗಿದರು. ನಾವಿಬ್ಬರೂ ಮೇಜಿನ ಮೇಲೆ ಪೇಪರ್ ಹಾಸಿ ಅಲಸಂದೆಕಾಯಿ ಸುಲಿಯುತ್ತ ಕೂತೆವು.

"ಬಿಟ್ಟು ಬಂದಿದ್ದೆ" ಎಂದರು ಅಣ್ಣ. "ಖರೇನ ಬಿಟ್ಟು ಬಂದಿದ್ದೆ. ಆಕಿ ಮೊಮ್ಮಕ್ಕಳ ಕೂಡ ಕುಂತಿದ್ಲು. ಹೇಳದ ಎದ್ದು ಬಂದೆ. ವಾಪಸ್ ಗಾಡಿ ಹತ್ತಿದೆ, ಕಿಟಕಿ ಕಡೆ ಜಾಗ ಸಿಕ್ಕಿತು, ಶೇಂಗಾ ತೊಗೊಂಡೆ. ಗಾಡಿ ಹೊಳಿ ಮ್ಯಾಲಿನ ಸೇತುವಿ ದಾಟಾಕತ್ತಿತ್ತು. ಭಾಳ ಆರಾಮ ಅನಸ್ತು. ಇಷ್ಟು ಆರಾಮ ಯಾವಾಗ ಇದ್ದೆ ಅಂತ ನನಗ ನೆನಪಿಲ್ಲ."

"ಮತ್ತೆ?"

"ಯಾರೋ ಕರದಂಗಾತು. ತಿರುಗಿ ನೋಡಿದೆ, ಯಾರೂ ಕರದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತ ಹಂಗ ಆತು. ಡಬ್ಬಿ ತುಂಬ ಮಂದಿ ಇದ್ರು, ಯಾರಿಗೂ ನನ್ನ ಕೂಡ ಕೆಲಸ ಇರಲಿಲ್ಲ. ಮುಂದಿನ ಸ್ಟೇಷನ್ ಕೃಷ್ಣಾ. ಇಳದುಬಿಟ್ಟೆ."

"ಅವ್ವ ಅಳ್ತಿದ್ರಾ ನೀವು ತಿರುಗಿ ತಂಗಿ ಮನೆಗೆ ಹೋದಾಗ?"

"ಅಳೂದಾ?" ಅವರು ನಕ್ಕರು. ಕಾಳುಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದರು. "ಸಣ್ಣ ಮೊಮ್ಮಗಳ ತಲಿ ಹಿಕ್ಕಾಕತ್ತಿದ್ಲು. ನನ್ನ ನೋಡಿ 'ನೀರು ಬೇಕೇನಪಾ?' ಅಂದ್ಲು. ಹಾದಿಲೆ ಹೋಗೋರಿಗೆ ಕೇಳಿದಂಗ. ನಾ ಹೋಗಿದ್ದೂ ಗೊತ್ತಿರಲಿಲ್ಲ, ಬಂದಿದ್ದೂ ಗೊತ್ತಾಗಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಅಲ್ಲ ಅಣ್ಣಾ, ಅಲ್ಲಿ ಅಷ್ಟು ಚೆನ್ನಾಗಿದ್ದರು. ನಿಮ್ಮನ್ನ ಹುಡುಕಲೂ ಇಲ್ಲ. ಮತ್ತೆ ಅವರನ್ನ ಯಾಕೆ ಕರೆದುಕೊಂಡು ಬಂದಿರಿ?"

ಅವರು ಒಂದು ಕಾಯಿ ಸುಲಿದರು. ಇನ್ನೊಂದನ್ನು ಕೈಗೆತ್ತಿಕೊಂಡು ಸುಲಿಯದೆ ಹಾಗೇ ಹಿಡಿದರು.

"ಈ ಸಲ ಆಕಿಗೆ ಬೇಕಾಗಿತ್ತು ಅಂತ ನಾ ಹೇಳಿದೆನೇನು?"

ಒಳಗಿನಿಂದ ಅವ್ವ "ತಮ್ಮಾ" ಎಂದು ಕೂಗಿದರು. ಅವರು ಎರಡನೆಯ ಕೂಗಿಗೆ ಕಾಯದೆ ಎದ್ದು ಹೋದರು.